ಹಿತ್ತಾಳೆ ಉಂಗುರವೋ, ದಾರದ ಕಟ್ಟೋ: ನಾಕಿಂಗ್ ಪಾಯಿಂಟ್ ಹೋಲಿಕೆ

ಗುರಿ ನೋಡುವ ಸೈಟ್ ಇಲ್ಲ, ಅಲುಗಾಟ ತಗ್ಗಿಸುವ ಸ್ಟೆಬಿಲೈಸರ್ ಇಲ್ಲ, ಬಾಣ ಕೂರಿಸುವ ಎತ್ತರಿಸಿದ ರೆಸ್ಟ್ ಇಲ್ಲ. ಇಂಥ ಸಾಂಪ್ರದಾಯಿಕ ಬಿಲ್ಲಿನಲ್ಲಿ ತಿದ್ದುವುದಕ್ಕೆ ಸಿಗುವ ಜಾಗಗಳೇ ಕಡಿಮೆ. ಬ್ರೇಸ್ ಹೈಟ್ (ಬಿಲ್ಲಿನ ಹಿಡಿಗೂ ಹೆದೆಗೂ ನಡುವಿನ ಅಂತರ) ಒಂದು, ಬಾಣದ ಗಡಸುತನ ಒಂದು, ಹೆದೆಯ ಮೇಲೆ ಬಾಣ ಕೂರುವ ಎತ್ತರ ಒಂದು. ಈ ಕೊನೆಯದನ್ನು ಹೆದೆಯ ಮೇಲೆ ಹಿಡಿದಿಡುವ ಗುರುತೇ ನಾಕಿಂಗ್ ಪಾಯಿಂಟ್. ಅದಕ್ಕೆ ನಾನು ನಾಲ್ಕು ಬಗೆ ಬಳಸಿ ನೋಡಿದ್ದೇನೆ: ಒಂಟಿ ಹಿತ್ತಾಳೆ ಉಂಗುರ, ಜೋಡಿ ಹಿತ್ತಾಳೆ ಉಂಗುರ, ಒಂಟಿ ದಾರದ ಕಟ್ಟು, ಬಾಣದ ಮೇಲೊಂದು ಕೆಳಗೊಂದು ದಾರದ ಕಟ್ಟು. ಬಿಲ್ಲುಗಳು 60 ಇಂಚಿನ ರಿಕರ್ವ್ (ತುದಿಗಳು ಮುಂದಕ್ಕೆ ಬಾಗಿದ ಬಿಲ್ಲು) ಮತ್ತು 68 ಇಂಚಿನ ಲಾಂಗ್‌ಬೋ (ಉದ್ದನೆಯ ಸರಳ ಬಿಲ್ಲು). ಎರಡರಲ್ಲೂ ಬಾಣ ನೇರವಾಗಿ, ಹಿಡಿಯ ಮೇಲ್ಗಡೆ ಬಿಲ್ಲಿನಲ್ಲೇ ಕೊರೆದ ಶೆಲ್ಫ್ ಮೇಲೆಯೇ ಕೂರುತ್ತದೆ. ನನ್ನ ಮಟ್ಟಿಗೆ ಗೆದ್ದದ್ದು ಜೋಡಿ ದಾರದ ಕಟ್ಟು. ಅದಕ್ಕೆ ಮುಖ್ಯ ಕಾರಣ, ಅದನ್ನು ಕೂದಲೆಳೆಯಷ್ಟು ಸರಿಸಲೂ ಬರುತ್ತದೆ.

ದಾರದ ಪರ ವಾದಿಸುವವರು ಸಾಮಾನ್ಯವಾಗಿ ಮೊದಲು ಎತ್ತುವುದು ತೂಕದ ಮಾತು. ಹೆದೆಯ ನಟ್ಟನಡುವೆ ಕೂತ ಭಾರ ಬಾಣದ ವೇಗದಲ್ಲೇ ಮುಂದೆ ಹೋಗಬೇಕು, ಹಾಗಾಗಿ ಅದು ಬಾಣಕ್ಕೇ ಸೇರಿಸಿದ ಭಾರದಂತೆ ಕೆಲಸ ಮಾಡುತ್ತದೆ ಎಂಬುದು ನಿಜ. ಆದರೆ ಲೆಕ್ಕ ಹಾಕಿ ನೋಡಿ: ಉಂಗುರ ಆರು ಗ್ರೇನ್ (ಬಾಣ ತೂಗುವ ಸಣ್ಣ ಮಾನ), ಬಾಣ 500 ಗ್ರೇನ್ ಎಂದಿಟ್ಟುಕೊಂಡರೆ ಹೆಚ್ಚಿದ್ದು ಶೇಕಡಾ ಒಂದಕ್ಕಿಂತ ಸ್ವಲ್ಪ ಜಾಸ್ತಿ. ವೇಗದಲ್ಲಿ ಆಗುವ ಇಳಿಕೆ ಶೇಕಡಾ ಒಂದನ್ನೂ ಮುಟ್ಟುವುದಿಲ್ಲ. ಬೆರಳಿನಿಂದ ಹೆದೆ ಬಿಡುವ ನನ್ನಂಥವರಿಗೆ, ಒಂದು ಬಿಡುಗಡೆಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸವೇ ಇದಕ್ಕಿಂತ ದೊಡ್ಡದು. ತೂಕದ ವಿಷಯ ಇಷ್ಟಕ್ಕೇ ಸಾಕು.

ಹಿತ್ತಾಳೆಯ ದೊಡ್ಡ ಗುಣ ಅವಸರಕ್ಕೆ ಒದಗುವುದು. ಒಳಗೆ ಮೆತ್ತನೆ ಪದರವಿರುವ ಉಂಗುರವನ್ನು ಸರ್ವಿಂಗ್ (ಹೆದೆ ಸವೆಯದಂತೆ ಅದರ ನಡುಭಾಗಕ್ಕೆ ಸುತ್ತಿದ ದಾರ) ಮೇಲೆ ಕೂರಿಸಿ, ಅದಕ್ಕೆಂದೇ ಇರುವ ಇಕ್ಕಳದಿಂದ ಒತ್ತಿದರೆ ನಿಮಿಷದೊಳಗೆ ಕೆಲಸ ಮುಗಿಯಿತು. ಹೆದೆಯ ದಪ್ಪಕ್ಕೆ ತಕ್ಕ ಅಳತೆಯ ಉಂಗುರ ಆರಿಸಿಕೊಳ್ಳಬೇಕು, ಅಷ್ಟೇ. ತೊಂದರೆ ಶುರುವಾಗುವುದು ಅದನ್ನು ಸರಿಸುವಾಗ. ಬಿಗಿಯಾದ ಉಂಗುರವನ್ನು ಹಾಗೇ ತಳ್ಳಿದರೆ ಸರ್ವಿಂಗ್ ದಾರ ಹಿಂಜುತ್ತದೆ. ಬಿಡಿಸಿ ಮತ್ತೆ ಒತ್ತಿದರೆ ಉಂಗುರದ ದುಂಡು ಹೋಗಿ ಅಂಚು ಎದ್ದು ನಿಲ್ಲುತ್ತದೆ. ಆ ಅಂಚು ಕೈಗವಸಿನ ಹೊಲಿಗೆಗೆ ಸಿಕ್ಕಿಕೊಳ್ಳುತ್ತದೆ, ಬೆರಳು ಕಾಯುವ ಚರ್ಮದ ಟ್ಯಾಬ್‌ನಲ್ಲಿ ಗೆರೆ ಕೊರೆಯುತ್ತದೆ. ಉಂಗುರ ಜೋಡಿಯಾದರೆ ಕಾಟವೂ ಜೋಡಿ.

ದಾರದ್ದು ನಿಧಾನದ ಕೆಲಸ. ಸರ್ವಿಂಗ್ ದಾರವಾದರೂ ಆಗುತ್ತದೆ, ಹಲ್ಲಿನ ಸಂದಿ ಸ್ವಚ್ಛ ಮಾಡುವ ಫ್ಲಾಸ್ ಆದರೂ ಆಗುತ್ತದೆ. ಹೆದೆಯ ಮುಂದೊಂದು ಅರೆಗಂಟು, ಹಿಂದೊಂದು ಅರೆಗಂಟು, ಹೀಗೆ ಒತ್ತೊತ್ತಾಗಿ ಹಾಕುತ್ತಾ ಹೋಗಿ ಕೊನೆಯಲ್ಲಿ ಗಟ್ಟಿ ಗಂಟು ಬಿಗಿಯಬೇಕು. ಗಂಟುಗಳ ನಡುವೆ ಸಂದಿ ಉಳಿದರೆ ಸ್ವಲ್ಪ ದಿನದಲ್ಲೇ ಕಟ್ಟು ಸಡಿಲವಾಗುತ್ತದೆ. ಚೆನ್ನಾಗಿ ಕಟ್ಟಿದ್ದಾದರೆ ಒಂದು ಸೊಗಸಿದೆ: ಸರ್ವಿಂಗ್‌ನ ಸುತ್ತುಗಳೇ ಬೋಲ್ಟಿನ ತಿರುಪು ಗೆರೆಗಳಂತೆ ಕೆಲಸ ಮಾಡುತ್ತವೆ, ಕಟ್ಟನ್ನು ಬೆರಳಲ್ಲಿ ಹಿಡಿದು ತಿರುಗಿಸಿದರೆ ನಟ್ಟಿನ ಹಾಗೆ ಮೇಲಕ್ಕೋ ಕೆಳಕ್ಕೋ ಸರಿಯುತ್ತದೆ. ಜಾಗ ಖಾತ್ರಿಯಾದ ಮೇಲೆ ಸೂಪರ್ ಗ್ಲೂ ಒಂದು ಹನಿ. ಖಾತ್ರಿಯಾಗುವ ತನಕ ಅಂಟು ಮುಟ್ಟಬೇಡಿ.

‘ಹುಡುಕುವಾಗ ಹಿತ್ತಾಳೆ ಹಾಕು, ಸಿಕ್ಕಮೇಲೆ ದಾರ ಕಟ್ಟು’ ಎಂಬ ಸಲಹೆ ಬಹಳ ಚಲಾವಣೆಯಲ್ಲಿದೆ. ನನಗೆ ಅದು ತಲೆಕೆಳಗು ಅನ್ನಿಸುತ್ತದೆ. ಹುಡುಕಾಟ ಎಂದರೇ ಸರಿಸುವುದು. ಸರಿಸಲು ಬಾರದ್ದನ್ನು ಆ ಹಂತದಲ್ಲೇ ಯಾಕೆ ಹಾಕಬೇಕು?

ಒಂದು ಸಾಕೇ, ಎರಡು ಬೇಕೇ ಎಂಬುದು ಬೆರಳುಗಳ ಜಾಗವನ್ನು ಅವಲಂಬಿಸಿದೆ. ತೋರುಬೆರಳು ಬಾಣದ ಮೇಲೆ, ಉಳಿದೆರಡು ಕೆಳಗೆ ಇಟ್ಟು ಎಳೆಯುವವರಿಗೆ ಮೇಲಿನದೊಂದೇ ಸಾಕಾಗಬಹುದು. ಲಾಂಗ್‌ಬೋದಲ್ಲಿ ಹಾಗೆ ಎಳೆದಾಗ ನನಗೆ ಒಂಟಿಗೂ ಜೋಡಿಗೂ ಭೇದ ಕಾಣಲಿಲ್ಲ. ಮೂರೂ ಬೆರಳು ಬಾಣದ ಕೆಳಗಿಟ್ಟಾಗ ಮಾತು ಬೇರೆ. ಬಿಡುವ ಕ್ಷಣದಲ್ಲಿ ನಾಕ್ (ಬಾಣದ ಬಾಲದಲ್ಲಿ ಹೆದೆ ಕೂರುವ ಕಚ್ಚು) ಹೆದೆಗುಂಟ ಕೆಳಕ್ಕೆ ಜಾರುವುದನ್ನು ತಡೆಯುವಂಥದ್ದು ಆಗ ಏನೂ ಇರುವುದಿಲ್ಲ. ರಿಕರ್ವ್‌ನಲ್ಲಿ ಒಂಟಿ ಕಟ್ಟಿನಿಂದ ಹೊಡೆದಾಗ ಗುರಿಯ ಮೇಲೆ ಬಾಣಗಳು ಮೇಲೆ ಕೆಳಗೆ ಚೆದುರುತ್ತಿದ್ದವು. ಕೆಳಗೊಂದು ಕಟ್ಟು ಸೇರಿಸಿದ ಮೇಲೆ ಆ ಚೆದುರುವಿಕೆ ಕಣ್ಣಿಗೆ ಕಾಣುವಷ್ಟು ತಗ್ಗಿತು.

ಎರಡು ಹಾಕುವಾಗ ನಾಕ್‌ಗೆ ಒತ್ತಿಕೊಂಡಂತೆ ಕೂರಿಸಬಾರದು. ಪೂರ್ತಿ ಎಳೆದಾಗ ಹೆದೆ ಕೋನವಾಗಿ ಮಡಿಯುತ್ತದೆ, ಎರಡು ಕಟ್ಟುಗಳು ನಾಕನ್ನು ಮೇಲಿಂದಲೂ ಕೆಳಗಿಂದಲೂ ಹಿಸುಕುತ್ತವೆ. ಸುಮಾರು ಮುಕ್ಕಾಲು ಮಿಲಿಮೀಟರ್ ಸಡಿಲ ಬಿಟ್ಟರೆ ಈ ಕಿರಿಕಿರಿ ಇಲ್ಲ. ಬಿಲ್ಲು ಗಿಡ್ಡವಾದಷ್ಟೂ ಕೋನ ಚೂಪಾಗುವುದರಿಂದ ನನ್ನ 60 ಇಂಚಿನದಕ್ಕೆ ಸಡಿಲ ತುಸು ಹೆಚ್ಚೇ ಬೇಕಾಯಿತು. ಸ್ಪರ್ಧೆಗೆ ಹೋಗುವವರಿಗೆ ಒಂದು ಮಾತು: ಬಿಲ್ಲುಗಾರಿಕೆಯ ಅಂತರರಾಷ್ಟ್ರೀಯ ಸಂಸ್ಥೆ ವರ್ಲ್ಡ್ ಆರ್ಚರಿಯ ಬೇರ್‌ಬೋ (ಸೈಟ್ ಇಲ್ಲದ ಬಿಲ್ಲಿನ ವಿಭಾಗ) ನಿಯಮದಲ್ಲಿ ಒಂದಕ್ಕೂ ಎರಡಕ್ಕೂ ಅವಕಾಶವಿದೆ.

ಇನ್ನು ಎತ್ತರ. ನನ್ನ ಅಂಕಿಗಳೆಲ್ಲ ಶೆಲ್ಫ್‌ನಿಂದ ಹೆದೆಗೆ ಲಂಬವಾಗಿ ಎಳೆದ ಗೆರೆಯಿಂದ ಮೇಲಿನ ಕಟ್ಟಿನ ತಳದ ಅಂಚಿನವರೆಗೆ. ಬೇರೆಯವರು ಕೊಡುವ ಸಂಖ್ಯೆ ನೋಡುವಾಗ ಅವರು ಎಲ್ಲಿಂದ ಎಲ್ಲಿಗೆ ಅಳೆದರು, ಬಾಣದ ದಪ್ಪ ಎಷ್ಟು ಎಂದು ಮೊದಲು ಕೇಳಿ. ಇದೇ ಅಳತೆಯಲ್ಲಿ ಅರ್ಧ ಇಂಚು, ಅಂದರೆ ಸುಮಾರು 13 ಮಿಲಿಮೀಟರ್ ಎತ್ತರದ ಕಟ್ಟಿನ ಕೆಳಗೆ 8 ಮಿಲಿಮೀಟರ್ ದಪ್ಪದ ಮರದ ಬಾಣ ಇಟ್ಟರೆ ಅದರ ಬಾಲ ಮಟ್ಟಕ್ಕಿಂತ ಐದು ಮಿಲಿಮೀಟರಿನಷ್ಟು ಮೇಲಿರುತ್ತದೆ. 6 ಮಿಲಿಮೀಟರ್ ಕಾರ್ಬನ್ ಬಾಣ ಇಟ್ಟರೆ ಅದೇ ಏಳರ ಹತ್ತಿರ ಹೋಗುತ್ತದೆ. ಹೆದೆ ಅದೇ, ಕಟ್ಟು ಅದೇ, ಟ್ಯೂನಿಂಗ್ ಬೇರೆ.

ಮೂರು ಬೆರಳು ಕೆಳಗಿಟ್ಟು ಎಳೆಯುವ ರಿಕರ್ವ್‌ನಲ್ಲಿ ಮುಕ್ಕಾಲು ಇಂಚು, 5/8, ಅರ್ಧ, 3/8 ನಾಲ್ಕನ್ನೂ ಗರಿಯಿಲ್ಲದ ಬಾಣ ಬಿಟ್ಟು ನೋಡಿದೆ; ಗರಿಯಿದ್ದರೆ ಅದು ಹಾರಾಟದ ತಪ್ಪನ್ನು ತಿದ್ದಿ ಮುಚ್ಚಿಬಿಡುತ್ತದೆ. ಮುಕ್ಕಾಲು ಇಂಚಿನಲ್ಲಿ ಬಾಣ ಬಾಲ ಎತ್ತಿಕೊಂಡು ನಾಟಿತು, ಗರಿಯಿರುವ ಬಾಣಗಳಿಗಿಂತ ಕೆಳಗೆ. ಅದು ನಿರೀಕ್ಷಿಸಿದ್ದೇ. 5/8ಕ್ಕೆ ಇಳಿಸಿದಾಗ ನೇರವಾಯಿತು. ಅರ್ಧ ಇಂಚಿನಲ್ಲಿ ಒಮ್ಮೆ ನೇರ, ಒಮ್ಮೆ ಬಾಲ ಮೇಲೆ. 3/8ರಲ್ಲಿ ಬಾಲ ಕೆಳಗಾಗಬೇಕಿತ್ತು; ಮತ್ತೆ ಮೇಲೆಯೇ ಎದ್ದಿತ್ತು! ಶೆಲ್ಫ್‌ಗೆ ಪೌಡರ್ ಉದುರಿಸಿ ಹೊಡೆದಾಗ ಗುಟ್ಟು ಗೊತ್ತಾಯಿತು: ಬಾಣದ ಹಿಂಭಾಗ ಶೆಲ್ಫ್‌ಗೆ ಬಡಿದು ಪುಟಿದು ಮೇಲೇಳುತ್ತಿದೆ. ಕಟ್ಟು ವಿಪರೀತ ಕೆಳಗಿದ್ದರೂ ವಿಪರೀತ ಮೇಲಿದ್ದರೂ ಗುರಿಯಲ್ಲಿ ಕಾಣುವ ಲಕ್ಷಣ ಒಂದೇ. ಕೆಳಗಿನಿಂದ ಹುಡುಕಾಟ ಶುರುಮಾಡಿದವರು ಈ ಸುಳ್ಳು ಲಕ್ಷಣ ನೋಡಿ ಕಟ್ಟನ್ನು ಇನ್ನೂ ಕೆಳಗಿಳಿಸುತ್ತಾರೆ. ಹಾಗಾಗಿ ಮೇಲಿಂದ ಶುರುಮಾಡಿ ಒಂದೊಂದು ತಿರುಗು ಇಳಿಸುತ್ತಾ ಬರುವುದೇ ಕ್ಷೇಮ. ಇಕ್ಕಳ ಹಿಡಿದು ಹಿತ್ತಾಳೆಯಲ್ಲಿ ಈ ಕೆಲಸ ಮಾಡಲು ಹೊರಟರೆ ಸರ್ವಿಂಗ್ ಉಳಿಯುವುದಿಲ್ಲ.

ಲಾಂಗ್‌ಬೋದಲ್ಲಿ, ತೋರುಬೆರಳು ಮೇಲಿಟ್ಟ ಎಳೆತಕ್ಕೆ, ಮರದ ಬಾಣ ಅರ್ಧ ಇಂಚಿನ ಆಸುಪಾಸಿನಲ್ಲೇ ಸುಮ್ಮನಾಯಿತು. ಅಲ್ಲಿ ಹೇಳುವಂಥದ್ದು ಹೆಚ್ಚೇನಿಲ್ಲ.

ಇಷ್ಟೆಲ್ಲಕ್ಕೆ ಮುಂಚೆ ನಾಕ್ ಹೆದೆಯನ್ನು ಹಿಡಿಯುವ ಬಿಗಿ ನೋಡಿಕೊಳ್ಳಿ. ಬಾಣವನ್ನು ಹೆದೆಗೆ ನೇತುಬಿಟ್ಟು ಹೆದೆಯ ಮೇಲೆ ಬೆರಳಲ್ಲಿ ಮೆಲ್ಲಗೆ ತಟ್ಟಿದರೆ ಅದು ಕಳಚಿ ಬೀಳಬೇಕು. ತಟ್ಟುವ ಮೊದಲೇ ಬಿದ್ದರೆ ಸಡಿಲ, ತಟ್ಟಿದರೂ ಅಂಟಿಕೊಂಡಿದ್ದರೆ ಬಿಗಿ. ಜಪಾನಿನ ಕ್ಯೂದೋ ಬಿಲ್ಲುಗಾರರು ಹೆದೆಯ ಆ ಭಾಗಕ್ಕೇ ಸೆಣಬಿನ ಜಾತಿಯ ನಾರು ಸುತ್ತಿ, ಅಂಟು ಹಚ್ಚಿ, ನಾಕ್‌ಗೆ ಒಪ್ಪುವಷ್ಟು ದಪ್ಪ ಮಾಡಿಕೊಳ್ಳುತ್ತಾರೆ. ಅದನ್ನು ನಕಾಜಿಕಾಕೆ ಎನ್ನುತ್ತಾರೆ.

ಹಿತ್ತಾಳೆ ಉಂಗುರಗಳನ್ನು ನಾನು ಎಸೆದಿಲ್ಲ. ಹಲವರು ಹಂಚಿಕೊಂಡು ಬಳಸುವ ಕಲಿಕೆಯ ಬಿಲ್ಲಿಗೆ ಅದೇ ಸರಿ: ಹೊಸಬರಿಗೆ ಕಣ್ಣಿಗೆ ಬೀಳುತ್ತದೆ, ಯಾರೂ ಬೆರಳಾಡಿಸಿ ತಿರುಗಿಸಿಬಿಡುವುದಿಲ್ಲ. ಸ್ವಂತ ಬಿಲ್ಲಿಗೆ ಹೊಸ ಹೆದೆ ಹಾಕಿದಾಗ ಮಾತ್ರ ದಾರ ಕಟ್ಟಿ, ಅಂಟು ಹಾಕದೆ ಬಿಡುತ್ತೇನೆ. ಅದರಲ್ಲೂ ಡೆಕ್ರಾನ್ (ಪಾಲಿಯೆಸ್ಟರ್ ದಾರದ) ಹೆದೆ ಮೊದಮೊದಲು ಹಿಗ್ಗುತ್ತದೆ, ಬ್ರೇಸ್ ಹೈಟ್ ಇಳಿಯುತ್ತದೆ, ಅದನ್ನು ಸರಿಮಾಡಲು ಹೆದೆಗೆ ಹುರಿ ಕೊಟ್ಟಾಗ ಕಟ್ಟಿನ ಜಾಗವೂ ಅಲುಗುತ್ತದೆ. ಹಿಗ್ಗುವುದು ನಿಂತ ಮೇಲೆ ಇನ್ನೊಮ್ಮೆ ಅಳೆದು, ಬೇಕಿದ್ದರೆ ಅರ್ಧ ಸುತ್ತು ತಿರುಗಿಸಿ, ಆಮೇಲೆ ಅಂಟು ಹಾಕುತ್ತೇನೆ.