ಪಾಲುದಾರಿಕೆ, ಎಲ್‌ಎಲ್‌ಪಿ, ಕಂಪನಿ: ಮೂರನ್ನೂ ನಡೆಸಿ ನೋಡಿದ ಮೇಲೆ

ಸಣ್ಣ ವ್ಯವಹಾರಕ್ಕೆ ಯಾವ ಕಾನೂನು ರೂಪ ಒಪ್ಪುತ್ತದೆ ಎಂಬ ಚರ್ಚೆ ಸಾಮಾನ್ಯವಾಗಿ ತೆರಿಗೆಯಿಂದಲೋ ನೋಂದಣಿ ಶುಲ್ಕದಿಂದಲೋ ಆರಂಭವಾಗುತ್ತದೆ. ವಿನ್ಯಾಸ ಮತ್ತು ಮುದ್ರಣದ ಕೆಲಸವನ್ನು ಮೊದಲು ಪಾಲುದಾರಿಕೆಯಾಗಿ, ಬಳಿಕ ಎಲ್‌ಎಲ್‌ಪಿಯಾಗಿ (ಪಾಲುದಾರರ ಹೊಣೆ ಸೀಮಿತವಾಗಿರುವ ಪಾಲುದಾರಿಕೆ), ಈಗ ಖಾಸಗಿ ಕಂಪನಿಯಾಗಿ ನಡೆಸಿರುವ ನನಗೆ ಅದಕ್ಕಿಂತ ಮುಖ್ಯವಾಗಿ ಕಂಡ ಪ್ರಶ್ನೆಗಳು ಎರಡು: ಸಾಲ ಉಳಿದರೆ ಅದನ್ನು ತೀರಿಸುವವರು ಯಾರು, ಮತ್ತು ಜೊತೆಗಾರರಲ್ಲಿ ಒಬ್ಬರು ಬಿಟ್ಟು ಹೊರಟರೆ ಅವರ ಪಾಲಿಗೆ ಬೆಲೆ ಕಟ್ಟುವುದು ಹೇಗೆ.

ಆರಂಭಿಸಲು ಪಾಲುದಾರಿಕೆಯಷ್ಟು ಸುಲಭವಾದುದು ಮತ್ತೊಂದಿಲ್ಲ. ಅಪಾಯವಿರುವುದೂ ಆ ಸುಲಭದಲ್ಲೇ, ಏಕೆಂದರೆ ನಾವು ಬರೆದುಕೊಳ್ಳದೆ ಬಿಟ್ಟ ಜಾಗಗಳನ್ನೆಲ್ಲ ಕಾನೂನು ತನ್ನದೇ ನಿಯಮಗಳಿಂದ ತುಂಬುತ್ತದೆ. ಬ್ರಿಟನ್ನಿನ 1890ರ ಕಾಯ್ದೆಯಲ್ಲೂ ಭಾರತದ 1932ರ ಕಾಯ್ದೆಯಲ್ಲೂ, ಬೇರೆ ಒಪ್ಪಂದವಿಲ್ಲದಿದ್ದರೆ, ಯಾರು ಎಷ್ಟೇ ಬಂಡವಾಳ ಹಾಕಿದ್ದರೂ ಲಾಭನಷ್ಟಗಳು ಸಮಪಾಲು; ದಿನವಿಡೀ ದುಡಿದ ಪಾಲುದಾರನಿಗೆ ಸಂಬಳದ ಹಕ್ಕೂ ತಾನಾಗಿ ಬರುವುದಿಲ್ಲ. ಜೊತೆಗೆ, ವ್ಯವಹಾರದ ಹೆಸರಿನಲ್ಲಿ ಒಬ್ಬರು ಕಾಗದವನ್ನು ಉದ್ದರಿ ತಂದರೆ, ಸರಬರಾಜುದಾರರು ಪೂರ್ತಿ ಬಾಕಿಯನ್ನು ಇನ್ನೊಬ್ಬರ ಸ್ವಂತ ಆಸ್ತಿಯಿಂದಲೂ ವಸೂಲು ಮಾಡಬಹುದು. ನಮ್ಮಲ್ಲಿ ಪರಸ್ಪರ ವಿಶ್ವಾಸಕ್ಕೆ ಕೊರತೆಯಿರಲಿಲ್ಲ, ಕರಾರುಪತ್ರವೂ ಇತ್ತು. ಆದರೂ ದೊಡ್ಡ ಆದೇಶ ಬಂದಾಗಲೆಲ್ಲ ಇಬ್ಬರ ಮನೆಗಳೂ ಪಣಕ್ಕಿವೆ ಎಂಬ ಅರಿವು ನಿರ್ಧಾರಗಳನ್ನು ಹಿಂದಕ್ಕೆ ಎಳೆಯುತ್ತಿತ್ತು.

ಬ್ರಿಟನ್ನಿನಲ್ಲಿ 2000ದ, ಭಾರತದಲ್ಲಿ 2008ರ ಕಾಯ್ದೆಯಿಂದ ಬಂದ ಎಲ್‌ಎಲ್‌ಪಿ ಈ ಭಾರವನ್ನು ಇಳಿಸಿತು. ಸಂಸ್ಥೆಗೆ ಪ್ರತ್ಯೇಕ ಅಸ್ತಿತ್ವವಿರುವುದರಿಂದ ಒಬ್ಬರು ಹೊರಟಾಗ ಅದರ ಕರಾರುಗಳು ಅದರ ಹೆಸರಿನಲ್ಲೇ ಮುಂದುವರಿದವು. ಲಾಭ ಹಂಚಿಕೆಯನ್ನಂತೂ ಹಳೆಯ ಪಾಲುದಾರಿಕೆಯಲ್ಲಿದ್ದಂತೆ ನಮಗೆ ಬೇಕಾದ ಹಾಗೆ ಬರೆದುಕೊಂಡೆವು. ವಾರ್ಷಿಕ ಲೆಕ್ಕಪತ್ರ ಸಲ್ಲಿಸುವ ಶ್ರಮ ಹೆಚ್ಚಿತು, ನಿಜ. ಆದರೆ ಸೇವೆಯನ್ನೇ ನಂಬಿರುವ, ಹೊರಗಿನ ಬಂಡವಾಳ ಬೇಡವಾದ ಇಬ್ಬರು ಮೂವರಿಗೆ ನಾನು ಸಂಕೋಚವಿಲ್ಲದೆ ಸೂಚಿಸುವ ರೂಪ ಇದೇ.

ಕಂಪನಿಯ ಮೊದಲ ಆಕರ್ಷಣೆ ಸೀಮಿತ ಹೊಣೆಗಾರಿಕೆ. 1897ರಲ್ಲಿ ಸಾಲೊಮನ್ ಎಂಬ ಬೂಟು ತಯಾರಕನ ಮೊಕದ್ದಮೆಯಲ್ಲಿ, ಬಹುತೇಕ ಎಲ್ಲ ಷೇರುಗಳೂ ಒಬ್ಬನ ಕೈಯಲ್ಲಿದ್ದರೂ ಕಂಪನಿಯ ಸಾಲ ಅವನ ಸಾಲವಲ್ಲ ಎಂದು ಬ್ರಿಟನ್ನಿನ ಅತ್ಯುನ್ನತ ನ್ಯಾಯಪೀಠ ತೀರ್ಪಿತ್ತಿತು. ಆದರೆ ಸಣ್ಣ ಕಂಪನಿಗೆ ಸಾಲ ಕೊಡುವ ಬ್ಯಾಂಕು ನಿರ್ದೇಶಕರ ವೈಯಕ್ತಿಕ ಜಾಮೀನನ್ನು ಕೇಳುವುದು ವಾಡಿಕೆ. ಸಹಿ ಹಾಕಿದೊಡನೆ ಆ ಸಾಲದ ಮಟ್ಟಿಗೆ ರಕ್ಷಣೆ ಇಲ್ಲವಾಗುತ್ತದೆ. ನಾವೂ ಸಹಿ ಹಾಕಿದ್ದೇವೆ. ಆದ್ದರಿಂದ ಕಂಪನಿಯ ನಿಜವಾದ ಲಾಭವೆಂದು ನಾನು ಎಣಿಸುವುದು ಷೇರುಗಳನ್ನೇ: ಹೂಡಿಕೆದಾರರನ್ನು ಸೇರಿಸಿಕೊಳ್ಳಲು, ನುರಿತ ಸಿಬ್ಬಂದಿಗೆ ಪಾಲು ಕೊಡಲು ಅವು ಅನುಕೂಲ.

ಹೊರಹೋಗುವ ವಿಷಯದಲ್ಲಿ ಮಾತ್ರ ಕಂಪನಿ ಪಾಲುದಾರಿಕೆಗಿಂತ ಬಿಗಿ. ಸಾಮಾನ್ಯ ಪಾಲುದಾರಿಕೆಯನ್ನು, ಅವಧಿ ಗೊತ್ತುಮಾಡಿಲ್ಲದಿದ್ದರೆ, ಒಂದು ನೋಟಿಸಿನಿಂದ ವಿಸರ್ಜಿಸಬಹುದು; ಖಾಸಗಿ ಕಂಪನಿಯಲ್ಲಿ ಅಲ್ಪಪಾಲು ಹೊಂದಿದವರಿಗೆ ಕೊಳ್ಳುವವರೇ ಸಿಗದೆ ಹೋಗಬಹುದು, ಸಮಪಾಲಿನ ಇಬ್ಬರು ಭಿನ್ನಾಭಿಪ್ರಾಯಕ್ಕೆ ಬಿದ್ದರೆ ಯಾವ ನಿರ್ಣಯವೂ ಮುಂದೆ ಸಾಗದಿರಬಹುದು. ಹಾಗಾಗಿ ನಮ್ಮ ಷೇರುದಾರರ ಒಪ್ಪಂದದಲ್ಲಿ, ಹೊರಡುವವರ ಷೇರನ್ನು ಮೊದಲು ಉಳಿದವರಿಗೇ ಕೊಡಬೇಕು, ಅದರ ಬೆಲೆಯನ್ನು ಇಬ್ಬರೂ ಒಪ್ಪಿದ ಸ್ವತಂತ್ರ ಲೆಕ್ಕಿಗರು ನಿಗದಿಪಡಿಸಬೇಕು, ಹಣವನ್ನು ಕಂತುಗಳಲ್ಲಿ ಪಾವತಿಸಬಹುದು ಎಂದು ಬರೆಸಿದ್ದೇವೆ.