ಫಾರ್ಮಾಲಿನ್ ಹಿಡಿಯುವ 'ಎಲೆಕ್ಟ್ರಾನಿಕ್ ಮೂಗು' ತರಿಸುವ ಮುಂಚೆ ಇದನ್ನು ಓದಿ

ಕಾರವಾರ, ಅಂಕೋಲಾ ಕಡೆಯವರೇ, ಆನ್‌ಲೈನಿನಲ್ಲಿ ಅಂಗೈಯಗಲದ ಒಂದು ಡಬ್ಬಿ ಮಾರುತ್ತಿದ್ದಾರೆ. ಮೀನಿನ ಹತ್ತಿರ ಹಿಡಿದರೆ ಫಾರ್ಮಾಲಿನ್ (ಮೀನು ಕೆಡದಂತೆ ಕೆಲವರು ಕದ್ದು ಹಾಕುವ ವಿಷದ ರಾಸಾಯನಿಕ) ಇದೆಯೋ ಇಲ್ಲವೋ ಹೇಳುತ್ತದಂತೆ. ಅಡುಗೆಮನೆಯಲ್ಲಿಟ್ಟರೆ ಗ್ಯಾಸ್ ಲೀಕನ್ನೂ ಹಿಡಿಯುತ್ತದಂತೆ. ದಯವಿಟ್ಟು ತಗೋಬೇಡಿ.

ನಮ್ಮಕ್ಕ ಕಾರವಾರ ಪೇಟೆಯಲ್ಲಿ ಮೀನು ಮಾರುತ್ತಾಳೆ. 'ಔಷಧ ಹಾಕಿದ್ದಾ?' ಅಂತ ಗಿರಾಕಿಗಳು ಕೇಳುವುದು ಜಾಸ್ತಿಯಾಗಿತ್ತು, ಹಸಿರು ದೀಪ ತೋರಿಸಿಬಿಡೋಣ ಅಂತ ತರಿಸಿದೆವು. ಆವತ್ತು ಬಂಗುಡೆ ಆಗಷ್ಟೇ ದೋಣಿಯಿಂದ ಇಳಿದಿತ್ತು. ಕಿವಿರು ಕೆಂಪಗೆ, ಕಣ್ಣು ಉಬ್ಬಿ ಹೊಳೆಯುತ್ತಿತ್ತು. ಪಕ್ಕದಲ್ಲಿ ಯಾರೋ ಬೈಕ್ ಸ್ಟಾರ್ಟ್ ಮಾಡಿದರು. ಡಬ್ಬಿ ಕೆಂಪಾಗಿ ಕೂಗಿಕೊಂಡಿತು. ಚೀಲ ಬಿಡಿಸುತ್ತಿದ್ದ ಹೆಂಗಸು ಮಾತಾಡದೆ ಮುಂದಿನ ಬುಟ್ಟಿಗೆ ಹೋದರು. ಮನೆಯಲ್ಲಿ ಹಿಂದಿನ ದಿನದ ಮೆತ್ತಗಾದ ಮೀನಿಗೆ ಹಿಡಿದರೆ ಹಸಿರು!

ಸ್ಕ್ರೂ ಬಿಚ್ಚಿ ನೋಡಿದೆ. ಒಳಗಿದ್ದದ್ದು ಒಂದೇ ಸೆನ್ಸರ್, ಎಂಕ್ಯೂ-135. ಜಾಲರಿ ಟೊಪ್ಪಿಗೆಯ ಕೆಳಗೆ ತವರದ ಆಕ್ಸೈಡ್, ಅದನ್ನು ಕಾಯಿಸಲು ಪುಟ್ಟ ಹೀಟರ್. ಆವಿ ತಾಗಿದರೆ ಅದರ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ಇಳಿಯುತ್ತದೆ, ಅಷ್ಟೇ. ಅಮೋನಿಯಾಕ್ಕೂ ಇಳಿಯುತ್ತದೆ, ಆಲ್ಕೋಹಾಲಿಗೂ, ಬೆಂಜೀನಿಗೂ, ಹೊಗೆಗೂ. ಯಾವುದಕ್ಕೆ ಇಳಿಯಿತು ಅಂತ ಹೇಳಲು ಅದರ ಕೈಲಾಗದು. 1982ರಲ್ಲಿ ಪರ್ಸಾಡ್ ಮತ್ತು ಡಾಡ್ ಎಂಬ ವಿಜ್ಞಾನಿಗಳು ತೋರಿಸಿದ ಎಲೆಕ್ಟ್ರಾನಿಕ್ ಮೂಗಿನಲ್ಲಿ ಬೇರೆ ಬೇರೆ ಸೆನ್ಸರ್‌ಗಳಿದ್ದವು; ಅವೆಲ್ಲದರ ಉತ್ತರ ಒಟ್ಟಿಗೆ ನೋಡಿದರೆ ತಾನೇ ವಾಸನೆಯ ಗುರುತು ಸಿಗುವುದು? ಒಂದೇ ಸೆನ್ಸರ್ ಹಾಕಿ ಆ ಹೆಸರಲ್ಲಿ ಮಾರುವುದು ಮೋಸ.

ಇನ್ನೊಂದು ವಿಷಯ. ಸೆನ್ಸರಿನ ಮಾಹಿತಿ ಹಾಳೆಯ ಪ್ರಕಾರ ಮೊದಲು 24 ಗಂಟೆಗಿಂತ ಜಾಸ್ತಿ ಕಾಯಿಸಬೇಕು. ಅದರಲ್ಲಿನ ಲೆಕ್ಕವೆಲ್ಲ 20 ಡಿಗ್ರಿ, ಶೇ. 65 ತೇವದ ಗಾಳಿಯದು. ನಮ್ಮ ಮಳೆಗಾಲಕ್ಕೆ ಅದನ್ನು ಹೇಳಿ ನೋಡಿ! ಡಬ್ಬಿಯ ಜೊತೆ ಬಂದ ಚೀಟಿಯಲ್ಲಿ ಇದರ ಸುದ್ದಿಯೇ ಇಲ್ಲ.

ನನಗೆ ನಿಜಕ್ಕೂ ಸಿಟ್ಟು ಬಂದದ್ದು ಗ್ಯಾಸಿನ ಮಾತಿಗೆ. ಗೋಡೆಯ ಮೇಲ್ಗಡೆ ತೂಗುಹಾಕಿ ಅಂತ ಬರೆದಿದ್ದಾರೆ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲೇ ತುಂಬಿಕೊಳ್ಳುತ್ತದೆ. ಮೇಲಿನ ಡಬ್ಬಿ ಸುಮ್ನೆ ಹಸಿರಾಗಿಯೇ ಇರುತ್ತದೆ. ವಾಸನೆ ಬರಲಿ ಅಂತಲೇ ಸಿಲಿಂಡರಿಗೆ ಮರ್ಕ್ಯಾಪ್ಟನ್ ಬೆರೆಸಿರುತ್ತಾರೆ, ನಿಮ್ಮ ಸ್ವಂತ ಮೂಗನ್ನೇ ನಂಬಿ. ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ. ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆಗೆದು, ಹೊರಗೆ ಬಂದು ಗ್ಯಾಸ್ ಲೀಕಿನ ಸಹಾಯವಾಣಿ 1906ಕ್ಕೆ ಫೋನ್ ಮಾಡಿ.

ಫಾರ್ಮಾಲಿನ್ ಅನುಮಾನ ಇದ್ದವರಿಗೆ ಕೊಚ್ಚಿಯ ಕೇಂದ್ರ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ರೂಪಿಸಿದ ಕಾಗದದ ಪಟ್ಟಿಯ ಕಿಟ್ ಇದೆ. ಪಟ್ಟಿಯನ್ನು ಮೀನಿಗೆ ಉಜ್ಜಿ, ಹನಿ ದ್ರಾವಣ ಹಾಕಿ, ಬಣ್ಣ ನೋಡುವುದು. ಮೀನಿಗೆ ಹೀಗೇ ಹಾಕುವ ಅಮೋನಿಯಾಕ್ಕೆ ಬೇರೆಯೇ ಪಟ್ಟಿ.

ಮಾರಿದವರು 'ವಾಪಸ್ ಅವಧಿ ಮುಗಿದಿದೆ' ಅಂತ ಕೈತೊಳೆದುಕೊಂಡರು. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಇದೇ ಡಬ್ಬಿ ತರಿಸಿದವರು ಬಿಲ್ ಇಟ್ಟುಕೊಂಡು ನೀವೂ ಕೊಡಿ.