ಕಡಲಿಗೆ ಯಾವಾಗ ಹೋಗಬೇಕು: ನಮ್ಮ ನಾಲ್ಕು ಪ್ರವಾಸಗಳ ಅನುಭವ

ಕೊಡಗಿನ ಮೂರ್ನಾಡಿನ ನಮ್ಮ ಕಾಫಿ ತೋಟದಿಂದ ಮಡಿಕೇರಿ, ಸಂಪಾಜೆ, ಸುಳ್ಯ, ಪುತ್ತೂರು ದಾಟಿ ಮಂಗಳೂರಿಗೆ ಸುಮಾರು 150 ಕಿಲೋಮೀಟರ್. ಬೆಳಿಗ್ಗೆ ಆರಕ್ಕೆ ಹೊರಟರೆ ಮಧ್ಯಾಹ್ನದ ಊಟ ಉಡುಪಿ ಬಳಿಯ ಮಲ್ಪೆಯಲ್ಲಿ. ದೂರ ಇಷ್ಟೇ ಆದರೂ ಹೋಗುವ ಸಮಯ ಯಾವುದೆಂದು ತಿಳಿಯಲು ನಮಗೆ ನಾಲ್ಕು ಪ್ರವಾಸಗಳು ಬೇಕಾದವು.

ಮೊದಲು ಹೋದದ್ದು ಮೇ ತಿಂಗಳಲ್ಲಿ, ಮಕ್ಕಳಿಗೆ ರಜೆಯೆಂದು. ಹತ್ತು ಗಂಟೆಗೇ ಮರಳು ಕಾದ ಕಾವಲಿಯಾಗಿತ್ತು. ಚಪ್ಪಲಿ ಬಿಟ್ಟು ನೀರಿನತ್ತ ಓಡಿದ ಮಗಳು ಅರ್ಧದಾರಿಯಲ್ಲಿ ನಿಂತು, ಅಣ್ಣನ ಪಾದಗಳ ಮೇಲೆ ಹತ್ತಿ ಅತ್ತಳು. ಬೆಟ್ಟದ ಗಾಳಿಯಲ್ಲಿ ಬೆಳೆದ ನಮಗೆ ಅಲ್ಲಿನ ಸೆಕೆ ತಡೆಯುವಂಥದ್ದಲ್ಲ. ರಾತ್ರಿಯೂ ಬೆವರು ಆರುವುದಿಲ್ಲ. ಒಂದೇ ಸಂತೋಷವೆಂದರೆ, ಮೇ ಕೊನೆಯಲ್ಲಿ ಬರುವ ತುಳುನಾಡಿನ ಪತ್ತನಾಜೆ ದಿನದವರೆಗೆ ಯಕ್ಷಗಾನ ಮೇಳಗಳ ತಿರುಗಾಟ ಇರುತ್ತದೆ. ಒಂದು ಇಡೀ ರಾತ್ರಿ ಕುಳಿತು ಆಟ ನೋಡಿದೆವು.

ಜುಲೈನಲ್ಲಿ ಹೋದದ್ದು ದೊಡ್ಡ ತಪ್ಪು. ಊರಿನಲ್ಲಿ ಮೂರು ವಾರ ಬಿಸಿಲೇ ಕಂಡಿರಲಿಲ್ಲ, ಕರಾವಳಿಯಲ್ಲಾದರೂ ಕಾಣಬಹುದೆಂಬ ಆಸೆ. ಆದರೆ ನಮ್ಮ ಮಳೆ ಬರುವುದೇ ಆ ಕಡಲಿನಿಂದ. ಅಲ್ಲಿ ಸುರಿದು, ಘಟ್ಟ ಹತ್ತಿ, ಮತ್ತೆ ನಮ್ಮಲ್ಲಿ ಸುರಿಯುತ್ತದೆ. ಹೊಳೆಗಳು ತಂದ ಮಣ್ಣಿನಿಂದ ನೀರೆಲ್ಲ ಕೆಂಪಾಗಿತ್ತು, ದಡಕ್ಕೆ ಇಳಿಯುವಂತಿರಲಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುವುದರಿಂದ ತಟ್ಟೆಗೆ ಬಂದದ್ದು ಐಸ್ ಮೀನು. 2018ರ ಆಗಸ್ಟ್‌ನಲ್ಲಿ ಸಂಪಾಜೆ ಘಟ್ಟದ ಜೋಡುಪಾಲದ ಬಳಿ ಗುಡ್ಡ ಕುಸಿದು ಇದೇ ರಸ್ತೆ ಮುಚ್ಚಿತ್ತು. ಮಕ್ಕಳನ್ನು ಕರೆದುಕೊಂಡು ಮಳೆಗಾಲದಲ್ಲಿ ಆ ಘಟ್ಟ ಇಳಿಯಬೇಡಿ ಎಂದು ಕೈಮುಗಿದು ಹೇಳುತ್ತೇನೆ.

ಡಿಸೆಂಬರ್‌ನ ಕಡಲು ಎಲ್ಲಕ್ಕಿಂತ ಚೆಂದ. ತಿಳಿಯಾದ ಆಕಾಶ, ಸಣ್ಣ ಅಲೆ, ತಂಪಾದ ಬೆಳಗು. ಆದರೆ ಕ್ರಿಸ್ಮಸ್ ವಾರದಲ್ಲಿ ಕೋಣೆಯ ಬಾಡಿಗೆ ಎರಡು ಪಟ್ಟಾಗಿತ್ತು, ದಡದಲ್ಲಿ ಕಾಲಿಡಲು ಜಾಗವಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಮನೆಯ ಕಣದಲ್ಲಿ ಅರೇಬಿಕಾ ಕಾಫಿ ಒಣಗಲು ಹರಡಿತ್ತು. ಒಂದು ಅಕಾಲ ಮಳೆ ಬಿದ್ದರೆ ವರ್ಷದ ದುಡಿಮೆ ಹಾಳು. ಅಲೆಗಳ ಮುಂದೆ ಕುಳಿತು ಗಂಟೆಗೊಮ್ಮೆ ಮನೆಗೆ ಫೋನ್ ಮಾಡಿ ಮೋಡ ಇದೆಯೇ ಎಂದು ಕೇಳುತ್ತಿದ್ದೆ.

ನಾಲ್ಕನೆಯ ಸಲ ನವೆಂಬರ್ ಮೊದಲ ವಾರ. ತುಲಾ ಸಂಕ್ರಮಣ ಮುಗಿದಿತ್ತು, ನಮ್ಮ ಸುಗ್ಗಿಹಬ್ಬ ಪುತ್ತರಿ ಇನ್ನೂ ದೂರವಿತ್ತು, ಹಣ್ಣು ಆಗಷ್ಟೇ ಬಣ್ಣ ತಿರುಗುತ್ತಿತ್ತು. ಒಂದು ಸಂಜೆ ಗುಡುಗು ಸಹಿತ ಮಳೆ ಬಂತು, ಅಷ್ಟೇ. ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ದೋಣಿಗಳು ಮತ್ತೆ ಶುರುವಾಗಿದ್ದವು. ಬಂಗುಡೆ ಎಷ್ಟು ತಾಜಾ ಇತ್ತೆಂದರೆ, ಹೋಟೆಲಿನವರು ಹುರಿಯುವ ಮೊದಲು ಕೆಂಪಗಿನ ಕಿವಿರು ಎತ್ತಿ ತೋರಿಸಿದರು. ಮರವಂತೆಯಲ್ಲಿ ಒಂದು ಕಡೆ ಕಡಲು, ರಸ್ತೆಯ ಇನ್ನೊಂದು ಕಡೆ ಸೌಪರ್ಣಿಕಾ. ಮಂಡಿನೋವಿನ ಅಮ್ಮ ನನ್ನ ತೋಳು ಹಿಡಿದು ನೊರೆಯಲ್ಲಿ ಕಾಲಿಟ್ಟರು. ಸೀರೆಯ ಅಂಚು ಒದ್ದೆಯಾದರೂ ಹೊತ್ತು ಮುಳುಗುವವರೆಗೆ ಹಿಂದೆ ಸರಿಯಲಿಲ್ಲ. "ನಾಳೆಯೂ ಇಲ್ಲಿಗೇ ಬರೋಣ" ಎಂದರು.

ಅರೇಬಿಕಾ ಇರುವವರಿಗೆ ನವೆಂಬರ್‌ನ ಮೊದಲ ಹತ್ತು ದಿನ ಬಿಟ್ಟರೆ ಬೇರೆ ಬಿಡುವಿಲ್ಲ. ತೋಟದಲ್ಲಿ ರೋಬಸ್ಟಾ ಮಾತ್ರ ಇದ್ದರೆ ಕೊಯ್ಲು ಜನವರಿಗೆ. ಅಂಥವರು ಪುತ್ತರಿ ಮುಗಿಸಿ, ಕ್ರಿಸ್ಮಸ್ ಜನಸಂದಣಿಗೆ ಮೊದಲು, ಡಿಸೆಂಬರ್ ಎರಡನೆಯ ವಾರ ಹೊರಡಬಹುದು.